ಮಲೇರಿಯ ಮತ್ತು ನಮ್ಮ ಮೈಯ ಕಾವಲು



ನಾವು ನೆಲೆಸಿರುವ ಈ ಅವಳಿ ನಗರದ ಸಿಕಂದರಾಬಾದಿನಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡರು. ಆ ಶತ್ರುವನ್ನು ನಮ್ಮ ದೇಹವು ಹೇಗೆ ಎದುರಿಸುತ್ತದೆ ಎಂಬುದನ್ನು ಈ ಸಂಜೆ ಕೊಂಚ ವಿಚಾರಿಸೋಣ.

ಸೊಳ್ಳೆ ಕಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಪರೋಪಜೀವಿಯು ಯಕೃತ್ತನ್ನು ಸೇರುತ್ತದೆ. ಅಲ್ಲಿ ಸದ್ದಿಲ್ಲದೆ ಸಾವಿರಾರಾಗಿ ಬೆಳೆದು, ಆಮೇಲೆ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಆ ಕಣಗಳು ಒಡೆದಾಗಲೇ ನಮಗೆ ನಡುಕ, ಜ್ವರ. ಕೂಡಲೆ ಬಿಳಿಯ ಕಣಗಳು ಶತ್ರುವನ್ನು ನುಂಗತೊಡಗುತ್ತವೆ. ಅವನನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಗುಲ್ಮವು ಕೆಟ್ಟ ಕಣಗಳನ್ನು ಸೋಸುತ್ತ ತಾನೇ ಉಬ್ಬುತ್ತದೆ. ನಮ್ಮ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದುದು ಇದನ್ನೇ.

ಆದರೆ ಶತ್ರು ಬಹುರೂಪಿ. ಕಾವಲುಗಾರರು ಅವನ ಒಂದು ವೇಷವನ್ನು ಗುರುತಿಸುವಷ್ಟರಲ್ಲಿ ಅವನು ಇನ್ನೊಂದನ್ನು ತೊಟ್ಟಿರುತ್ತಾನೆ. ವಿವ್ಯಾಕ್ಸ್ ಎಂಬ ಜಾತಿಯಂತೂ ಯಕೃತ್ತಿನಲ್ಲಿ ಅಡಗಿ ಮಲಗಿದ್ದು, ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಆದುದರಿಂದ ಸಿಡುಬು ಒಮ್ಮೆ ಬಂದು ಹೋದವರಿಗೆ ದೊರೆಯುತ್ತಿದ್ದಂತಹ ರಕ್ಷಣೆ ಇಲ್ಲಿಲ್ಲ. ಮತ್ತೆ ಮತ್ತೆ ಜ್ವರ ಬಿದ್ದು ಬದುಕಿದವರಿಗೆ ಮಾತ್ರ ಅರೆಬರೆಯ ರಕ್ಷಣೆ ಸಿಕ್ಕುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೋ ಎಳೆಯ ಮಕ್ಕಳ ಪ್ರಾಣ.

ಊರು ಬಿಟ್ಟು ಬಂದ ನಾವು ಮುಖ್ಯವಾಗಿ ಮನಗಾಣಬೇಕಾದ ಸಂಗತಿಯೊಂದಿದೆ. ಪದೇ ಪದೇ ಸೋಂಕು ತಗಲದಿದ್ದರೆ ಈ ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಆಫ್ರಿಕದಲ್ಲಿ ಬೆಳೆದು ಯೂರೋಪಿನಲ್ಲಿ ನೆಲೆಸಿದ ಎಷ್ಟೋ ಮಂದಿ, ತವರಿಗೆ ಹೋಗಿಬಂದು ಮಲೇರಿಯದಿಂದ ಮಲಗುತ್ತಾರೆ. ಪರಸ್ಥಳದಲ್ಲಿ ಹುಟ್ಟಿದ ಅವರ ಮಕ್ಕಳಿಗಂತೂ ಆ ರಕ್ಷಣೆ ಮೊದಲಿನಿಂದಲೇ ಇಲ್ಲ. ‘ನಾವು ಆ ನೀರು ಕುಡಿದು ಬೆಳೆದವರು, ನಮಗೇನಾದೀತು?’ ಎಂಬ ಧೈರ್ಯ ನಮಗೂ ಸಲ್ಲದು. ನಾಲಗೆಯಲ್ಲಿ ಊರಿನ ನುಡಿ ಉಳಿದೀತು. ರಕ್ತದಲ್ಲಿ ಊರಿನ ರಕ್ಷಣೆ ಹಾಗೆಯೇ ಉಳಿಯದು.

ಯಕೃತ್ತಿಗೆ ಸೇರುವ ಮೊದಲೇ ಶತ್ರುವನ್ನು ತಡೆಯಲು ಮೈಗೆ ಕಲಿಸುವ ಲಸಿಕೆಗಳು ಈಗ ಬಂದಿವೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗಾಗಿ ಶಿಫಾರಸು ಮಾಡಿದ ಆರ್-21 ಲಸಿಕೆಯನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ಆದರೆ ಅದರ ರಕ್ಷಣೆಯೂ ಪೂರ್ಣವಲ್ಲ, ಕಾಲಕ್ರಮದಲ್ಲಿ ಅದೂ ಇಳಿಯುತ್ತದೆ.

ಆದುದರಿಂದ ಸೊಳ್ಳೆಪರದೆಯನ್ನು ಬಿಡದಿರೋಣ; ತೊಟ್ಟಿ, ಟ್ಯಾಂಕುಗಳನ್ನು ಮುಚ್ಚಿಡೋಣ. ಊರಿಂದ ಬಂದಮೇಲೆ ಜ್ವರ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ತಿಳಿಸೋಣ. ಜ್ವರ ಬಿಟ್ಟಿತೆಂದು ಮಾತ್ರೆಗಳನ್ನು ನಡುವೆ ನಿಲ್ಲಿಸದಿರೋಣ. ಮೈಯ ಕಾವಲು ಮರೆತರೂ ಮನೆಯ ಕಾವಲು ಎಚ್ಚರವಾಗಿರಲಿ.