ಕೆಮ್ಮಿದರೆ ಮೂತ್ರ ಹನಿಯುತ್ತದೆಯೇ? ನಾಚಿಕೆ ಬೇಡ, ವ್ಯಾಯಾಮ ಇದೆ

(ಹರದನಹಳ್ಳಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಆರೋಗ್ಯ ಕಾರ್ಯಕರ್ತೆಯೊಬ್ಬರು ನೀಡಿದ ಭಾಷಣ)



ಸಂಘದಲ್ಲಿ ನಾವು ಸಾಲ, ಉಳಿತಾಯ, ಹಸು, ಮಕ್ಕಳ ಫೀಸು ಎಲ್ಲಾ ಮಾತಾಡ್ತೀವಿ. ಒಂದು ವಿಷಯ ಮಾತ್ರ ಗಂಡನಿಗೂ ಹೇಳುವುದಿಲ್ಲ, ಹೆತ್ತ ತಾಯಿಗೂ ಹೇಳುವುದಿಲ್ಲ. ಅದೇ ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಹೊರೆ ಎತ್ತಿದಾಗ ಮೂತ್ರ ಹನಿಯುವುದು. ಕೇಳಿದರೆ "ಹೆತ್ತವರಿಗೆ ಇದೆಲ್ಲಾ ಇದ್ದದ್ದೇ ಬಿಡಕ್ಕ" ಅಂತೀವಿ. ಹೊಳೆನರಸೀಪುರದ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಮದುವೆ ಮನೆಗೆ ಹೋಗುವುದನ್ನೂ ಬಿಡ್ತೀವಿ. ಆದರೆ ಇದು ಹಣೆಬರಹವಲ್ಲ. ಬಹಳ ಮಂದಿಗೆ ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ.

ಏಕೆ ಹೀಗಾಗುತ್ತದೆ?

ಮಗುವನ್ನು ಮಲಗಿಸುವ ಸೀರೆಯ ಜೋಲಿಯನ್ನು ನೆನಪು ಮಾಡಿಕೊಳ್ಳಿ. ಸೊಂಟದ ಮೂಳೆಗಳ ಒಳಗೆ, ತಳದಲ್ಲಿ, ಅಂಥದೇ ಒಂದು ಸ್ನಾಯುಗಳ ಜೋಲಿ ಇದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಅದೇ ಆಸರೆ. ಹೆರಿಗೆ, ಭಾರ ಎತ್ತುವುದು, ಬಹಳ ದಿನದ ಕೆಮ್ಮು, ಮಲಬದ್ಧತೆ, ಮುಟ್ಟು ನಿಲ್ಲುವುದು ಇವುಗಳಿಂದ ಅದು ಸಡಿಲವಾಗುತ್ತದೆ. ವ್ಯಾಯಾಮದಿಂದ ಇದನ್ನು ಮತ್ತೆ ಬಲಪಡಿಸಬಹುದೆಂದು ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದರು. ಅದಕ್ಕೇ ಇದಕ್ಕೆ ಕೆಗೆಲ್ ವ್ಯಾಯಾಮ ಎಂದು ಹೆಸರು.

ಮಾಡುವುದು ಹೇಗೆ?

ಮೊದಲು ಒಂದಕ್ಕೆ ಹೋಗಿ ಬನ್ನಿ. ಕುಳಿತೋ ಮಲಗಿಯೋ ಮಾಡಬಹುದು. ನಾಲ್ಕು ಜನರ ಮಧ್ಯೆ ಹೂಸು ಬರದಂತೆ ತಡೀತೀವಲ್ಲ (ನಗಬೇಡಿ!), ಮೂತ್ರ ತಡೀತೀವಲ್ಲ, ಹಾಗೆ ಒಳಗಿನಿಂದ ಬಿಗಿಹಿಡಿದು ಮೇಲಕ್ಕೆ ಎಳೆದುಕೊಳ್ಳಿ. 5 ಎಣಿಸಿ, ನಿಧಾನವಾಗಿ ಬಿಡಿ. ಮತ್ತೆ 5 ಎಣಿಸುವಷ್ಟು ಹೊತ್ತು ಸುಮ್ಮನಿರಿ. 5 ಆಗದಿದ್ದರೆ 3 ಸಾಕು. ಹೀಗೆ 8ರಿಂದ 10 ಸಲ, ದಿನಕ್ಕೆ 3 ಹೊತ್ತು.

ಉಸಿರು ಕಟ್ಟಬೇಡಿ. ಹೊಟ್ಟೆ, ತೊಡೆ ಬಿಗಿಯಬೇಡಿ. ಮೂತ್ರ ಮಾಡುವಾಗ ಮಧ್ಯೆ ಮಧ್ಯೆ ತಡೆದು ಅಭ್ಯಾಸ ಮಾಡಬಾರದು. ಕೆಮ್ಮುವ ಮುಂಚೆ, ಬಿಂದಿಗೆ ಎತ್ತುವ ಮುಂಚೆ ಒಮ್ಮೆ ಬಿಗಿಹಿಡಿಯಿರಿ. ಹಾಗೇ ನೀರು ಕುಡಿಯುವುದನ್ನು ಬಿಡಬೇಡಿ.

ಹೇಳಿದಾಗ ಒಪ್ಪುತ್ತೇವೆ, ಆಮೇಲೆ?

"ಆಗಲಿ ಮೇಡಂ" ಎಂದು ಒಂದು ವಾರ ಮಾಡಿ, ಗುಣ ಕಾಣಲಿಲ್ಲವೆಂದು ಬಿಟ್ಟುಬಿಡ್ತೀವಿ. ಒಂದೇ ವಾರ ಉಳಿತಾಯ ಕಟ್ಟಿ ಸಾಲ ಕೇಳಿದರೆ ಸಂಘ ಕೊಡುತ್ತದೆಯೇ? ಇದೂ ಹಾಗೆಯೇ. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಇದಕ್ಕೆ ಕೆಲಸ ಬಿಡಬೇಕಾಗಿಲ್ಲ, ದುಡ್ಡು ಬೇಕಾಗಿಲ್ಲ. ಹಾಲು ಕಾಯಿಸುವಾಗ, ಡೇರಿ ಮುಂದೆ ನಿಂತಾಗ, ಮಲಗುವ ಮುಂಚೆ ಮಾಡಿ. ಪಕ್ಕದವರಿಗೂ ಗೊತ್ತಾಗುವುದಿಲ್ಲ. ವಾರದ ಸಭೆಯಲ್ಲಿ ಹಣ ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಎರಡು ನಿಮಿಷ ಮಾಡಿದರೆ ಮರೆಯುವುದೂ ಇಲ್ಲ. ಗರ್ಭಿಣಿಯರೂ, ಸಿಸೇರಿಯನ್ ಆದ ಬಾಣಂತಿಯರೂ ನರ್ಸಮ್ಮನನ್ನು ಕೇಳಿಕೊಂಡು ಮಾಡಬಹುದು.

ವೈದ್ಯರ ಹತ್ತಿರ ಯಾವಾಗ?

ಮೂತ್ರ ಉರಿ, ರಕ್ತ, ಜ್ವರ ಇದ್ದರೆ, ಕೆಳಗೆ ಏನೋ ಇಳಿದಂತಾದರೆ ತಡ ಮಾಡಬೇಡಿ. 3 ತಿಂಗಳು ಮಾಡಿಯೂ ಕಡಿಮೆಯಾಗದಿದ್ದರೂ ತಾಲ್ಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್ ಆಸ್ಪತ್ರೆಗೋ ಹೋಗಿ ತೋರಿಸಿ. "ಗರ್ಭಕೋಶ ತೆಗೆಸಿದರೆ ಸರಿಹೋಗುತ್ತೆ" ಎಂದು ಯಾರಾದರೂ ಹೇಳಿದರೆ ಅವಸರ ಬೇಡ. ಮೂತ್ರ ಹನಿಯುವುದಕ್ಕೆ ಅದು ಚಿಕಿತ್ಸೆಯಲ್ಲ. ಇನ್ನೊಬ್ಬ ವೈದ್ಯರನ್ನೂ ಕೇಳಿ.

ಈ ದಿನ ಮನೆಗೆ ಹೋಗಿ ಅತ್ತೆಗೂ ಹೇಳಿ, ಸೊಸೆಗೂ ಹೇಳಿ. ಈಗ ಎಲ್ಲರೂ ಬೆನ್ನು ನೇರ ಮಾಡಿ ಕುಳಿತುಕೊಳ್ಳಿ. ಮೊದಲನೆಯ ಸಲ ಇಲ್ಲಿಯೇ ಒಟ್ಟಿಗೆ ಮಾಡೋಣ.