ಆಕಾಶದ ಒಡ್ಡು

ಕುಮಟೆಯ ಮಾಣಿಕಟ್ಟೆಯ ಕಡೆಗೆ ಹೋದವರು ಗಜನಿ ಗದ್ದೆಗಳನ್ನು ನೋಡಿರುತ್ತೀರಿ. ಉಬ್ಬರದ ಹೊತ್ತಿಗೆ ಕಡಲ ಉಪ್ಪುನೀರು ಅಘನಾಶಿನಿಯ ಅಳಿವೆಯಲ್ಲಿ ಮೇಲೇರಿ ಬರುತ್ತದೆ. ಅದನ್ನು ತಡೆಯಲು ಮಣ್ಣಿನ ಒಡ್ಡು. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಒಳಗೆ ಕಗ್ಗದ ಭತ್ತ. ಬಾಗಿಲು ಮುಚ್ಚಿದ್ದರೆ ನೀರು ಬಡಿದು ಹಿಂದಿರುಗೀತು. ತೆರೆದಿದ್ದರೆ ಸಣ್ಣ ಉಬ್ಬರವೂ ಒಳಗೆ ಬಂದೇ ಬಂತು. ಈ ಹೊತ್ತು ನಾನು ಹೇಳಹೊರಟಿರುವುದು ಇಂತಹುದೇ ಇನ್ನೊಂದು ಒಡ್ಡಿನ ಸಂಗತಿ. ಅದು ಇರುವುದು ಸೂರ್ಯನ ದಿಕ್ಕಿನಲ್ಲಿ, ಭೂಮಿಯಿಂದ ಸುಮಾರು ೬೦ ಸಾವಿರ ಕಿಲೋಮೀಟರು ದೂರದಲ್ಲಿ.

ಅಯಸ್ಸೆಂದರೆ ಕಬ್ಬಿಣ, ಅದಕ್ಕೆ ಕಾಂತನಾದುದು ಅಯಸ್ಕಾಂತ. ಹಿರಿಯರು ಎಷ್ಟು ಸೊಗಸಾಗಿ ಹೆಸರಿಟ್ಟರು ನೋಡಿ! ನಮ್ಮ ಭೂಮಿಯೂ ಒಂದು ದೊಡ್ಡ ಅಯಸ್ಕಾಂತ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಕೆಳಗೆ ಸೂಜಿಗಲ್ಲು ಹಿಡಿದರೆ ಪುಡಿ ಗೆರೆಗೆರೆಯಾಗಿ ನಿಲ್ಲುವುದನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಕಂಡಿದ್ದಾರೆ. ಅಂತಹ ಬಲರೇಖೆಗಳು ಭೂಮಿಯನ್ನು ಸುತ್ತುವರಿದಿವೆ. ಸೂರ್ಯನಿಂದ ಸದಾ ಸೌರಮಾರುತ ಬೀಸುತ್ತಿರುತ್ತದೆ. ಹೆಸರಿಗೆ ಮಾರುತ; ನಿಜವಾಗಿ ಅದು ವಿದ್ಯುದಾವೇಶವುಳ್ಳ ಕಣಗಳ ಹೊನಲು. ಸೆಕೆಂಡಿಗೆ ೪೦೦ ಕಿಲೋಮೀಟರಿನಷ್ಟು ವೇಗದಿಂದ ಬಂದು, ಈ ರೇಖೆಗಳಿಗೆ ಬಡಿದು, ಅತ್ತಿತ್ತ ಸರಿದುಹೋಗುತ್ತದೆ. ಹಾಗೆ ತಡೆದು ನಿಲ್ಲಿಸುವ ಅಂಚೇ ನಮ್ಮ ಆಕಾಶದ ಒಡ್ಡು.

ಆದರೆ ಸೌರಮಾರುತ ಬರಿಗೈಯಲ್ಲಿ ಬರುವುದಿಲ್ಲ. ಸೂರ್ಯನ ಬಲರೇಖೆಗಳನ್ನೂ ಹೊತ್ತು ತರುತ್ತದೆ. ಒಡ್ಡಿನ ಬಳಿ ಭೂಮಿಯ ರೇಖೆಗಳು ಉತ್ತರಾಭಿಮುಖವಾಗಿವೆ. ಬಂದವೂ ಉತ್ತರಾಭಿಮುಖವಾಗಿದ್ದರೆ ಬಹುಮಟ್ಟಿಗೆ ಒಡ್ಡನ್ನು ಸವರಿಕೊಂಡು ಹೋಗುತ್ತವೆ. ದಕ್ಷಿಣಾಭಿಮುಖವಾಗಿದ್ದರೆ ಕತೆ ಬೇರೆ. ಎದುರುಬದುರಾದ ರೇಖೆಗಳು ಒತ್ತಿಕೊಂಡಲ್ಲಿ ಕಡಿದು, ಸೂರ್ಯನ ತುಂಡು ಭೂಮಿಯ ತುಂಡಿಗೆ ಕೂಡಿಕೊಳ್ಳುತ್ತದೆ. ಹೊಸದಾಗಿ ಕೂಡಿದ ರೇಖೆ ಸೆಳೆದು ಬಿಟ್ಟ ಬಿಲ್ಲಿನ ಹೆದೆಯಂತೆ ಸಿಡಿದು ಕಣಗಳನ್ನು ಚಿಮ್ಮಿಸುತ್ತದೆ. ಬಾಗಿಲು ತೆರೆಯಿತು! ಗಜನಿಯ ಹಲಗೆ ತೆಗೆಯುವವನು ರೈತ. ಇಲ್ಲಿ ಬಂದ ನೀರೇ ಬಾಗಿಲು ತೆಗೆಯುತ್ತದೆ, ಅಷ್ಟೇ ವ್ಯತ್ಯಾಸ. ಜೇಮ್ಸ್ ಡಂಜಿ ಎಂಬ ಆಂಗ್ಲ ವಿಜ್ಞಾನಿ ೧೯೬೧ರಲ್ಲಿಯೇ ಇದು ಹೀಗಾಗಬೇಕೆಂದು ತರ್ಕಿಸಿದ.

ಇದನ್ನು ‘ಕಾಂತೀಯ ಮರುಸಂಪರ್ಕ’ ಎನ್ನುತ್ತಾರೆ. ವ್ಯಾಕರಣ ಓದಿದ ನನಗೆ ‘ಮರುಸಂಧಿ’ ಎಂದರೇ ಹಿತ. ಸ್ವರದೆದುರು ಸ್ವರ ಬಂದರೂ ಸಂಧಿಯಾಗದೆ ಇದ್ದಂತೆಯೇ ಉಳಿದರೆ ಅದಕ್ಕೆ ಪ್ರಕೃತಿಭಾವವೆಂದು ಹೆಸರು. ಉತ್ತರಾಭಿಮುಖವಾಗಿ ಬಂದವುಗಳದ್ದು ಪ್ರಕೃತಿಭಾವವೆನ್ನಬಹುದೇನೋ. ವಿಜ್ಞಾನದ ಮೇಷ್ಟ್ರ ಮುಂದೆ ಹೀಗೆಂದಾಗ ಅವರು ನಕ್ಕರು, ಅಲ್ಲಗಳೆಯಲಿಲ್ಲ.

ತರ್ಕವಾಯಿತು; ಕಣ್ಣಾರೆ ಕಾಣುವುದು ಹೇಗೆ? ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ದೋಣಿಯಲ್ಲಿ ಹೋಗಿ, ನೀರನ್ನು ಬೊಗಸೆಯಲ್ಲೆತ್ತಿ ನಾಲಿಗೆಗೆ ಮುಟ್ಟಿಸಿ ನೋಡಿ. ಈಗ ಸಿಹಿ, ತುಸು ಹೊತ್ತಿಗೆ ಉಪ್ಪು. ನೀರೇ ಉಪ್ಪಾಯಿತೋ, ಸಿಹಿ-ಉಪ್ಪಿನ ಗಡಿಯೇ ದೋಣಿಯ ಕೆಳಗೆ ಸರಿದು ಹೋಯಿತೋ? ಒಂದು ದೋಣಿಯವನು ಹೇಳಲಾರ. ನಾಲ್ಕು ದೋಣಿಗಳು ಬೇಕು. ಅಮೆರಿಕದ ನಾಸಾ ಸಂಸ್ಥೆ ೨೦೧೫ರ ಮಾರ್ಚಿಯಲ್ಲಿ ಒಂದೇ ಅಚ್ಚಿನ ನಾಲ್ಕು ಉಪಗ್ರಹಗಳನ್ನು ಹಾರಿಸಿದ್ದು ಇದಕ್ಕಾಗಿಯೇ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಪಿರಮಿಡ್ಡಿನ ನಾಲ್ಕು ಮೂಲೆಗಳಂತೆ ಅವು ಒಟ್ಟಾಗಿ ಸಾಗುತ್ತವೆ. ಆ ವರ್ಷ ಅಕ್ಟೋಬರ್ ೧೬ರಂದು ರೇಖೆಗಳು ಕಡಿದು ಕೂಡುವ ತಾಣದ ನಡುವೆಯೇ ಹಾದವು. ತಾಣ ಬಲು ಕಿರಿದು. ಕಣ್ಣುಮುಚ್ಚಿ ತೆರೆಯುವುದರೊಳಗೆ ದಾಟಿಹೋಗುತ್ತದೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಮೂವತ್ತು ಪಾಲಿಗೊಮ್ಮೆ ಎಲೆಕ್ಟ್ರಾನುಗಳನ್ನು ಅಳೆಯುವ ಉಪಕರಣಗಳಿದ್ದುದರಿಂದ ಕೆಲಸ ಕೈಗೂಡಿತು. ಬಳ್ಳಿಯಂತೆ ರೇಖೆಗಳನ್ನು ಸುತ್ತಿಕೊಂಡೇ ನಡೆಯುವ ಎಲೆಕ್ಟ್ರಾನುಗಳು ಅಲ್ಲಿ ಹಿಡಿತ ತಪ್ಪಿ ರಭಸದಿಂದ ಚಿಮ್ಮಿದ್ದು ದಾಖಲಾಯಿತು.

ಬಾಗಿಲು ಅಗಲವಾಗಿ ತೆರೆದಾಗ ಏನಾದೀತೆಂಬುದಕ್ಕೆ ನಮ್ಮ ಕರಾವಳಿಯ ಮಗ್ಗುಲಲ್ಲೇ ಸಾಕ್ಷಿಯುಂಟು. ೧೮೫೯ರ ಸೆಪ್ಟೆಂಬರ್ ೨ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಬಲ ಇದ್ದಕ್ಕಿದ್ದಂತೆ ಸುಮಾರು ೧,೬೦೦ ನ್ಯಾನೋಟೆಸ್ಲಾದಷ್ಟು ಕುಸಿಯಿತು. ಆಗ ಕೆಟ್ಟದ್ದು ಲೋಕದ ತಂತಿ ಯಂತ್ರಗಳು ಮಾತ್ರ, ಕೆಡಲು ಬೇರೇನಿತ್ತು?

ಅದೇ ಸೆಪ್ಟೆಂಬರ್ ೨ರಂದು, ೨೦೨೩ರಲ್ಲಿ, ನಮ್ಮ ಆದಿತ್ಯ ಎಲ್-೧ ನೌಕೆ ಹಾರಿತು. ಈ ದಿನವನ್ನು ಯಾರೂ ಬೇಕೆಂದು ಆರಿಸಲಿಲ್ಲವೆಂದು ಕಾಣುತ್ತದೆ. ಅದು ೨೦೨೪ರ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರಿನಾಚೆ, ಸೂರ್ಯನ ಕಡೆಗಿರುವ ನೆಲೆ ಸೇರಿತು. ಅದರಿಂದ ಚಾಚಿದ ಆರು ಮೀಟರಿನ ತೋಳಿನಲ್ಲಿ ಬೆಂಗಳೂರಿನಲ್ಲಿಯೇ ಸಿದ್ಧವಾದ ಕಾಂತಮಾಪಕವಿದೆ. ಬರುತ್ತಿರುವ ರೇಖೆಗಳು ಉತ್ತರಾಭಿಮುಖವೋ ದಕ್ಷಿಣಾಭಿಮುಖವೋ ಎಂಬುದು ಅದಕ್ಕೆ ತಿಳಿಯುತ್ತದೆ. ಸೂರ್ಯನಲ್ಲಿ ಸ್ಫೋಟವಾದದ್ದನ್ನು ದುರ್ಬೀನು ಒಂದೆರಡು ದಿನ ಮೊದಲೇ ತೋರಿಸೀತು. ಮುಖ ಯಾವ ಕಡೆಗೆಂಬುದನ್ನು ನಂಬುವಂತೆ ಹೇಳಲು ಅದು ಆ ನೆಲೆಗೆ ಬಂದು ಮುಟ್ಟಬೇಕು. ಅಲ್ಲಿಂದ ನಮಗೆ ಸಾಮಾನ್ಯ ಸೌರಮಾರುತಕ್ಕೆ ಒಂದು ಗಂಟೆಯ ದಾರಿ. ಬಿರುಸಿನದಾದರೆ ಅರ್ಧ ಗಂಟೆ. ನಮಗೆ ದೊರೆಯುವ ಅವಧಿ ಇಷ್ಟೇ.

೨೦೨೪ರ ಮೇ ೧೦ರ ರಾತ್ರಿ ಅಂತಹುದೊಂದು ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದುದರ ಚಿತ್ರಗಳನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ಇಂತಹ ಹೊತ್ತಿನಲ್ಲಿ ದೂರದ ರೇಡಿಯೋ ಅಲೆಗಳು ಮಂಕಾಗುತ್ತವೆ. ಉಪಗ್ರಹದಿಂದ ದಾರಿ ತೋರಿಸುವ ಪೆಟ್ಟಿಗೆಯ ಲೆಕ್ಕ ತಪ್ಪಬಹುದು.

ಭಟ್ಕಳದ ಬಂದರಿನಿಂದ, ಹೊನ್ನಾವರದ ಕಾಸರಕೋಡಿನಿಂದ, ಕುಮಟೆಯ ತದಡಿಯಿಂದ ಹೊರಡುವ ದೋಣಿಗಳು ಇಂದು ಆ ಪೆಟ್ಟಿಗೆಯನ್ನೇ ನಂಬಿ ಮೀನಿನ ತಾಣ ಹುಡುಕುತ್ತವೆ, ಅದನ್ನೇ ನಂಬಿ ರಾತ್ರಿ ಅಳಿವೆಯ ಬಾಯಿಗೆ ಮರಳುತ್ತವೆ. ನಮ್ಮ ಕಡೆಯ ಅಕ್ಷಾಂಶದಲ್ಲಿ ಕಾಂತಬಿರುಗಾಳಿ ಎದ್ದರೂ ದಿಕ್ಸೂಚಿಯ ಮುಳ್ಳಿನ ಸೆಳೆತ ಕೊಂಚ ಸಡಿಲವಾದೀತೇ ಹೊರತು ಉತ್ತರವನ್ನು ತೋರಿಸುವುದು ತಪ್ಪದು. ಹೊಸ ಪೆಟ್ಟಿಗೆಯ ಪಕ್ಕದಲ್ಲಿ ಹಳೆಯ ದಿಕ್ಸೂಚಿಯನ್ನೂ ಒರೆಸಿ ಇಟ್ಟುಕೊಂಡ ತಾಂಡೇಲರೊಬ್ಬರನ್ನು ನಾನು ಬಲ್ಲೆ. ಯಾಕೆಂದು ಕೇಳಿದರೆ, “ಮಾಸ್ತರರೇ, ಇದಕ್ಕೆ ಬ್ಯಾಟರಿ ಬೇಡ” ಎಂದರು.