ಅಂಕ ಕೊಡುವ ಮುನ್ನ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಶಿಕ್ಷಣದ ಬಗ್ಗೆ ಮಾತಾಡಲು ನನಗೆ ಅಪ್ಪಣೆಯಾಗಿದೆ. ನಾನು ಮಾಸ್ತರನಲ್ಲ. 34 ವರ್ಷ ಸರ್ಕಾರಿ ಇಲಾಖೆಯಲ್ಲಿ ಕಟ್ಟಡ, ಸೇತುವೆ ಕಟ್ಟಿಸಿದವನು. ಆದರೆ ನನ್ನ ತಮ್ಮನ ಮಗಳು ಈಗ ಬಿ.ಎಡ್. ಎರಡನೆಯ ವರ್ಷದಲ್ಲಿದ್ದಾಳೆ, ಗಣಿತ ಅವಳ ವಿಷಯ. ಹಳ್ಳಿಯ ಒಂದು ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತ ಪ್ರತಿ ಭಾನುವಾರ ಮನೆಗೆ ಬರುತ್ತಾಳೆ. ಬಂದಾಗಲೆಲ್ಲ ಪರೀಕ್ಷೆ, ಅಂಕ, ಮೌಲ್ಯಮಾಪನದ ಮಾತೇ. ನಾಲ್ಕು ತಿಂಗಳಲ್ಲಿ ಅವಳ ಅಭಿಪ್ರಾಯ ಒಂದೇ ಕಡೆ ನಿಲ್ಲಲಿಲ್ಲ. ನಮ್ಮ ಮಠಗಳು ಶಾಲೆ, ಪ್ರಸಾದನಿಲಯ ನಡೆಸುತ್ತಿರುವುದರಿಂದ ಆ ಹುಡುಗಿ ನಡೆದು ಬಂದ ದಾರಿ ತಮಗೂ ಕೆಲಸಕ್ಕೆ ಬಂದೀತು.

ಹೋಗುವಾಗ ಬಹಳ ಗಟ್ಟಿಯಾಗಿದ್ದಳು. "ಉತ್ತರ ಸರಿ ಇದ್ದರ ಅಂಕ, ತಪ್ಪಿದ್ದರ ಸೊನ್ನಿ. ಇದರಾಗ ದಯಾ ದಾಕ್ಷಿಣ್ಯದ ಮಾತೇನೈತಿ ದೊಡ್ಡಪ್ಪ?" ಎನ್ನುತ್ತಿದ್ದಳು. ಎಂಟನೆಯ ತರಗತಿಗೆ ಪಾಠ ಶುರು ಮಾಡುವ ಮೊದಲು ಹಿಂದಿನ ವರ್ಷಗಳ ಭಿನ್ನರಾಶಿಯ ಮೇಲೆ ಹತ್ತು ಲೆಕ್ಕದ ಕಿರುಪರೀಕ್ಷೆ ಕೊಟ್ಟಳು. ಒಬ್ಬ ಹುಡುಗಿ 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದಿದ್ದಳು. ಹತ್ತೂ ಲೆಕ್ಕ ಹಾಗೆಯೇ. ಅವಳಿಗೆ ಸೊನ್ನೆ. ಹಿಂದಿನ ಸಾಲಿನ ಹುಡುಗ ಹಾಳೆಯನ್ನು ಖಾಲಿ ಬಿಟ್ಟಿದ್ದ. ಅವನಿಗೂ ಸೊನ್ನೆ.

ವಹಿಯಲ್ಲಿ ಇಬ್ಬರೂ ಒಂದೇ. ನಿಜದಲ್ಲಿ ಹುಡುಗಿ ತನ್ನದೇ ಒಂದು ನಿಯಮವನ್ನು ಶಿಸ್ತಾಗಿ ಪಾಲಿಸಿದ್ದಳು: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುವುದು. "ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರ ಅರ್ಧಕ್ಕಿಂತ ಕಡಿಮಿ ಆಕ್ಕೈತೇನು?" ಎಂದು ಕೇಳಿದ ಕೂಡಲೇ ಆ ಮಗುವೇ ನಕ್ಕುಬಿಟ್ಟಿತಂತೆ. ಹುಡುಗನದು ಬೇರೆ ಕಥೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯ ಜೊತೆ ಹೋಗಿ ಎರಡು ವರ್ಷ ಅರ್ಧರ್ಧ ಶಾಲೆ ತಪ್ಪಿಸಿಕೊಂಡವನು. ಅವನಿಗೆ ಪ್ರಶ್ನೆಯನ್ನು ಓದಲಿಕ್ಕೇ ಬರುತ್ತಿರಲಿಲ್ಲ. ಒಬ್ಬಳಿಗೆ ಐದು ನಿಮಿಷದ ಮಾತು ಸಾಕು, ಇನ್ನೊಬ್ಬನಿಗೆ ಆರು ತಿಂಗಳ ಆರೈಕೆ ಬೇಕು. ಸೊನ್ನೆ ಎಂಬ ಅಂಕಿ ಇದನ್ನು ಹೇಳುವುದಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಕಾಂಕ್ರೀಟಿಗೆ ಎರಡು ಪರೀಕ್ಷೆಗಳಿವೆ. ಒಂದು ಸ್ಲಂಪ್ ಪರೀಕ್ಷೆ. 300 ಮಿ.ಮೀ. ಎತ್ತರದ ತಗಡಿನ ಶಂಕುವಿನಲ್ಲಿ ಹಸಿ ಕಾಂಕ್ರೀಟು ತುಂಬಿ, ಶಂಕುವನ್ನು ಮೇಲಕ್ಕೆತ್ತಿ, ರಾಶಿ ಎಷ್ಟು ಕುಸಿಯಿತೆಂದು ಅಳೆಯುತ್ತೇವೆ. ಕೆಲವೇ ನಿಮಿಷದ ಕೆಲಸ. ನೀರು ಹೆಚ್ಚಾಗಿದ್ದರೆ ಆ ಮಾಲನ್ನು ಅಲ್ಲಿಯೇ ತಡೆದು ಮುಂದಿನದನ್ನು ಸರಿಪಡಿಸಬಹುದು. ಇನ್ನೊಂದು ಕ್ಯೂಬ್ ಪರೀಕ್ಷೆ. 150 ಮಿ.ಮೀ. ಅಚ್ಚುಗಳನ್ನು ತುಂಬಿ, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒಡೆಯುವುದು. ಅಷ್ಟೊತ್ತಿಗೆ ಕಂಬದ ಮೇಲೆ ಸ್ಲ್ಯಾಬ್ ಬಂದಿರುತ್ತದೆ. ಕ್ಯೂಬ್ ಸೋತರೆ ಉಳಿಯುವುದು ಪತ್ರವ್ಯವಹಾರ. ಎರಡೂ ಬೇಕು. ಆದರೆ ಕಂಬವನ್ನು ಉಳಿಸುವುದು ಮೊದಲನೆಯದು.

ಇದನ್ನು ಹೇಳಿದಾಗ ಅವಳಿಗೆ ಖುಷಿಯಾಯಿತು. ಮುಂದಿನ ವಾರವೇ ಪೂರಾ ಇನ್ನೊಂದು ಕಡೆ ವಾಲಿ, ಪರೀಕ್ಷೆಯನ್ನೇ ತೆಗೆದುಹಾಕಬೇಕು ಎನ್ನತೊಡಗಿದಳು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮಾತಿದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಎಂಬ ಪದ್ಧತಿ ಅದರಿಂದ ಬಂತು. ರೂಪಣಾತ್ಮಕ ಎಂದರೆ ಸ್ಲಂಪ್ ಪರೀಕ್ಷೆಯೇ. ಕಾಗದದ ಮೇಲೆ ಬಹಳ ಒಳ್ಳೆಯದು.

ಶಾಲೆಯಲ್ಲಿ ಅವಳು ಕಂಡದ್ದು ಬೇರೆ. ಮಕ್ಕಳು ಸ್ಟೇಷನರಿ ಅಂಗಡಿಯಿಂದ ಚಿತ್ರ ತಂದು ಅಂಟಿಸಿದರೆ ಪ್ರಾಜೆಕ್ಟ್. ಶನಿವಾರದೊಳಗೆ ಅಂಕಗಳನ್ನು ಕಂಪ್ಯೂಟರಿಗೆ ಏರಿಸಬೇಕು, ಅದಕ್ಕಾಗಿ ಶುಕ್ರವಾರ ಸಂಜೆ ಕುಳಿತು ಅಂದಾಜಿನ ಮೇಲೆ ಕಾಲಂ ತುಂಬುವುದು. ಕಟ್ಟಡದ ಕೆಲಸದಲ್ಲಿಯೂ ಕ್ಯೂಬ್ ಒಡೆಯದೆ ಬರೆದ ವಹಿಗಳನ್ನು ನಾನು ಹಿಡಿದಿದ್ದೇನೆ. ಹಿಡಿಯುವುದು ಸುಲಭ, ಅಲ್ಲಿ ಎಲ್ಲ ಅಂಕಿಗಳೂ ಚೆಂದ ಇರುತ್ತವೆ. ನಿಜವಾದ ಮೂರು ಕ್ಯೂಬುಗಳು ಒಂದೇ ಅಂಕಿ ತೋರಿಸುವುದು ಅಪರೂಪ. ಐಎಸ್ 456 ಸಂಹಿತೆಯೇ ಸರಾಸರಿಯಿಂದ ಶೇ. 15ರವರೆಗೆ ಏರುಪೇರನ್ನು ಒಪ್ಪಿಕೊಂಡಿದೆ.

ಮಾರ್ಗದರ್ಶಕ ಶಿಕ್ಷಕರು ಇವಳಿಗೂ ಹಾಗೆ ತುಂಬಲು ಹೇಳಿದರು. ತಾನು ನೋಡದ ಮೂರು ಕಾಲಂಗಳನ್ನು ಖಾಲಿ ಬಿಟ್ಟು ಕೊಟ್ಟಳು. ಅವರು ಸಿಟ್ಟಾದರು. ಇವಳ ಇಂಟರ್ನ್‌ಶಿಪ್ ಅಂಕ ಅವರ ಕೈಯಲ್ಲೇ ಇದೆ ಎಂಬುದನ್ನು ತಾವು ಗಮನಿಸಬೇಕು. ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಅವರಿಗೆ ಮೂರು ತರಗತಿ, ಒಂದೊಂದರಲ್ಲಿ ಅರವತ್ತು ಮಕ್ಕಳು, ನಡುವೆ ಚುನಾವಣೆಯ ಕೆಲಸ. ಅಷ್ಟು ಕಾಲಂ ಕೇಳುವ ವ್ಯವಸ್ಥೆ ಅಷ್ಟು ಸಮಯವನ್ನೂ ಕೊಡಬೇಕಲ್ಲವೇ?

ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ಪಾಠದ ಕೊನೆಯ ಐದು ನಿಮಿಷ ಒಂದೇ ಲೆಕ್ಕ, ಒಂದು ಚೀಟಿಯ ಮೇಲೆ. ಸಂಜೆ ಚೀಟಿಗಳನ್ನು ಮೂರು ಗುಂಪು ಮಾಡುತ್ತಾಳೆ: ಬಂದವರು, ಅರ್ಧ ಬಂದವರು, ಬಾರದವರು. ಅರವತ್ತು ಚೀಟಿಗೆ ಕಾಲು ತಾಸು. ಮರುದಿನದ ಪಾಠ ನಡುವಿನ ಗುಂಪಿನ ತಪ್ಪಿನಿಂದ ಶುರು. ಈ ಚೀಟಿಗೆ ಅಂಕವಿಲ್ಲ, ವಹಿಯಲ್ಲಿ ಜಾಗವೂ ಇಲ್ಲ.

ಅಂಕ ಏಕಿಲ್ಲ ಎಂದು ಕೇಳಿದೆ. "ದೊಡ್ಡಪ್ಪ, ಕಾಂಕ್ರೀಟಿಗೆ ತನ್ನನ್ನ ಅಳಿಯಾಕತ್ತಾರಂತ ಗೊತ್ತಾಗೂದಿಲ್ಲ. ಹುಡುಗರಿಗೆ ಗೊತ್ತಾಕ್ಕೈತಿ" ಎಂದಳು. ನನ್ನ ಉಪಮೆಯ ಮಿತಿಯನ್ನು ಒಂದೇ ಮಾತಿನಲ್ಲಿ ತೋರಿಸಿದಳು. ಇಸ್ರೇಲಿನ ರೂತ್ ಬಟ್ಲರ್ ಎಂಬುವರು 1988ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವಳೇ ನನಗೆ ಓದಿ ಹೇಳಿದಳು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಸುಧಾರಿಸಿದರು. ಬರೀ ಅಂಕ ಪಡೆದವರೂ, ಅಂಕ ಟಿಪ್ಪಣಿ ಎರಡನ್ನೂ ಪಡೆದವರೂ ಹಾಗೆ ಸುಧಾರಿಸಲಿಲ್ಲ. ಅಂಕ ಕಣ್ಣಿಗೆ ಬಿದ್ದರೆ ಟಿಪ್ಪಣಿಯನ್ನು ಯಾರು ಓದುತ್ತಾರೆ? ಮನೆಯಲ್ಲಿ ನಾವು ಮೊದಲು ಕೇಳುವುದೂ "ಎಷ್ಟು ಬಂತು?" ಎಂದೇ.

ಹಾಗೆಂದು ಅವಳು ಈಗ ಪರೀಕ್ಷೆಯ ವಿರೋಧಿಯಲ್ಲ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯವರೇ ಕೊಡುವುದು. ಆ 80ರ ಉತ್ತರಪತ್ರಿಕೆ ತಿದ್ದುವವರಿಗೆ ಮಗುವಿನ ಜಾತಿ ಕಾಣುವುದಿಲ್ಲ, ಅಪ್ಪನ ಹೊಲ ಎಷ್ಟೆಂದು ಗೊತ್ತಾಗುವುದಿಲ್ಲ. ಕೂಲಿಕಾರನ ಮಗಳಿಗೆ ಅದೊಂದು ರಕ್ಷಣೆ ಎನ್ನುತ್ತಾಳೆ. ಈ ಮಾತು ನನಗೆ ಬಹಳ ಹಿಡಿಸಿತು. ಶಾಲೆಯೊಳಗಿನ ಅಂಕದಲ್ಲಿ ಮುಖ ನೋಡಿ ಮಣೆ ಹಾಕುವುದು ನಡೆಯುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪ್ರತಿವರ್ಷ ನಾವು ಪ್ರತಿಭಾ ಪುರಸ್ಕಾರ ಮಾಡಿ ಶೇ. 90 ದಾಟಿದವರಿಗೆ ಶಾಲು ಹೊದಿಸುತ್ತೇವೆ. ಸಂತೋಷ, ಮಾಡೋಣ. ಆದರೆ ಆ ಖಾಲಿ ಹಾಳೆಯ ಹುಡುಗನಂಥವರು ನಮ್ಮ ಪ್ರಸಾದನಿಲಯದಲ್ಲೂ ಇದ್ದಾರೆ. ಅವರು ನಮಗೆ ಕಾಣುವುದು ಫಲಿತಾಂಶದ ದಿನ, ಅಂದರೆ 28ನೆಯ ದಿನ. ಪೂಜ್ಯರ ಬಳಿ ಮಾತಾಡಿದ್ದೇನೆ. ಬರುವ ಸೋಮವಾರದಿಂದ ನಿಲಯದ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಂಜೆಯ ಓದಿನ ವೇಳೆಯಲ್ಲಿ ಈ ಚೀಟಿಯ ಕ್ರಮ ಶುರು ಮಾಡುತ್ತೇವೆ. ಗಣಿತಕ್ಕೆ ನಾನು ಕೂರುತ್ತೇನೆ. ಕನ್ನಡ ಮತ್ತು ಇಂಗ್ಲಿಷಿಗೆ ನಿವೃತ್ತ ಶಿಕ್ಷಕರು ಇಬ್ಬರು ಬೇಕು. ವಾರಕ್ಕೆ ಎರಡು ಸಂಜೆ ಸಾಕು. ಪ್ರಸಾದದ ನಂತರ ಕಚೇರಿಯಲ್ಲಿ ಹೆಸರು ಬರೆಸಿರಿ.